ಧಣಿಗಳ ಪಂಪಿನವರೆಗೆ

ಗೇಣಿಯವನ ಮನೆಗೆ ಬಲ್ಬು, ಅವನ ಅಳಿಯನಿಗೆ ಬಿ.ಎ., ಇವೆರಡೂ ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವರು ನಮ್ಮ ಧಣಿಗಳು. ಚಾವಡಿಯಲ್ಲಿ ಎಲೆಯಡಿಕೆ ಹಾಕಿಕೊಂಡು, ಬಂದ ನೆಂಟರನ್ನು ನಗಿಸುವುದಕ್ಕೆ ಹೇಳಿದ್ದು. ಅಂಗಳದಲ್ಲಿ ನಿಂತಿದ್ದ ನನ್ನ ಮಾವನಿಗೂ ಕೇಳಿಸಿತು. ಮಾವ ಅಂದರೆ ಅಮ್ಮನ ಅಣ್ಣ, ಆ ಅಳಿಯ ನಾನು. ನಮ್ಮಲ್ಲಿ ಮನೆಯ ಯಜಮಾನ ಅವರೇ. ಧಣಿಗಳ ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದರು. ಧಣಿಗಳು ಬೇಡವೆಂದ ದಿನ ಗದ್ದೆಯನ್ನೂ ಮನೆಯನ್ನೂ ಬಿಟ್ಟು ಏಳಬೇಕು, ಅಂಥ ಗೇಣಿ. ಮಾವ ಮನೆಗೆ ಬಂದು ಆ ಮಾತನ್ನು ನಮಗೆ ಹೇಳಿ ತಾವೂ ನಕ್ಕರು. ಧಣಿಗಳು ನಕ್ಕದ್ದನ್ನು ನಾನು ಮರೆತೇನು, ಮಾವ ನಕ್ಕದ್ದನ್ನು ಮರೆಯಲಾರೆ.

ಅರವತ್ತರ ದಶಕದ ನಡುವಿನ ಮಾತು ಇದು. ಮಡಂತ್ಯಾರು ಪೇಟೆಯಿಂದ ಒಳಗಿದ್ದ ನಮ್ಮ ಊರಿಗೆ ಕರೆಂಟಿನ ಲೈನು ಮಂಜೂರಾಯಿತು. ಲಾರಿಯವರು ಕಂಬಗಳನ್ನು ಮಾರ್ಗದ ಬದಿಯಲ್ಲಿ ಉರುಳಿಸಿ ಹೋದರು. ಗದ್ದೆಯೊಳಗೆ ಲಾರಿ ಬರುವುದುಂಟೇ? ಧಣಿಗಳು ಒಕ್ಕಲುಗಳನ್ನು ಕರೆಸಿದರು.

"ಹೊರಿ ಮಾರಾಯ್ರೆ, ಊರಿನ ಕೆಲಸ. ಇವತ್ತು ಹೆಗಲು ಕೊಟ್ಟವನ ಮನೆಯಲ್ಲಿ ನಾಳೆ ಬೆಳಕು."

"ಬೆಳಕು ಬರ್ತದೆ ಅಂತಾದರೆ ಕಂಬ ಯಾಕೆ ಧಣಿಗಳೇ, ಗುಡ್ಡೆಯನ್ನೇ ಹೊರುವ," ಎಂದರು ಮಾವ.

ಮಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನೂ ಒಂದು ತುದಿಗೆ ಹೆಗಲು ಕೊಟ್ಟೆ. ಮಾವನ ಭುಜದ ಚರ್ಮ ಸುಲಿದು ಹೋಯಿತು, ಅಮ್ಮ ತೆಂಗಿನೆಣ್ಣೆ ಹಚ್ಚಿದಳು. ಕಂಬಗಳು ಸಾಲಾಗಿ ಧಣಿಗಳ ಮನೆಗೆ ಬಂದವು, ಅಲ್ಲಿಂದ ತೋಡಿನ ದಡದಲ್ಲಿದ್ದ ಅವರ ಪಂಪಿನ ಕೊಟ್ಟಿಗೆಗೆ ಬಂದವು. ಅಲ್ಲಿಗೆ ನಿಂತವು. ಹೊತ್ತವರ ಮನೆಗಳೆಲ್ಲ ಇದ್ದದ್ದು ತೋಡಿನ ಆಚೆ.

ಸ್ವಿಚ್ಚು ಹಾಕುವುದಕ್ಕೆ ಬೆಳ್ತಂಗಡಿಯಿಂದ ಮುಖಂಡರೊಬ್ಬರು ಜೀಪಿನಲ್ಲಿ ಬಂದರು. ಊರೆಲ್ಲ ಧಣಿಗಳ ಅಂಗಳದಲ್ಲಿ ಕುಳಿತಿತ್ತು. ಬೆಳಗಿನಿಂದ ಆಡಿದ್ದೆಲ್ಲ ತುಳು, ಭಾಷಣ ಮಾತ್ರ ಕನ್ನಡ. ನಮ್ಮ ಕಡೆ ಒಂದು ಪದ್ಧತಿ ಉಂಟು: ಮುಸ್ಸಂಜೆಗೆ ದೀಪ ಹಚ್ಚಿದರೆ ಕುಳಿತವರು ಎದ್ದು ದೀಪಕ್ಕೆ ಕೈ ಮುಗಿಯಬೇಕು. ಬಲ್ಬು ಹೊತ್ತಿತು. ಮುಸ್ಸಂಜೆ, ಬೆಳಕು, ಅಭ್ಯಾಸದ ಕೈ ಸುಮ್ಮನೆ ಇರುತ್ತದೆಯೇ? ಇಡೀ ಅಂಗಳ ಎದ್ದು ಕೈ ಮುಗಿಯಿತು.

ಬಲ್ಬಿನ ಕೆಳಗೆ ನಿಂತಿದ್ದ ಮುಖಂಡರು ಅದು ತಮಗೆಂದೇ ತಿಳಿದರು. ಅವರ ಕಣ್ಣು ತುಂಬಿತು. "ನಿಮ್ಮ ಈ ಕೃತಜ್ಞತೆಯನ್ನು ಮೇಲಿನವರಿಗೆ ಮುಟ್ಟಿಸುತ್ತೇನೆ. ಈ ಗ್ರಾಮದಲ್ಲಿ ಇನ್ನು ಕತ್ತಲೆ ಎಂಬುದು ಇಲ್ಲ!" ಎಂದರು. ಅವರ ಬೆನ್ನ ಹಿಂದೆ, ತೋಡಿನ ಆಚೆ, ನಮ್ಮ ಮನೆಗಳು ಕಾಣದಷ್ಟು ಕತ್ತಲೆ ಇತ್ತು.

ನಾನು ಕೈ ಇಳಿಸಿ ಕೇಳಿದೆ: "ಸ್ವಾಮಿ, ತೋಡಿನ ಆಚೆಗೆ ಯಾವಾಗ?"

"ಯಾರಿವನು?"

"ನಮ್ಮ ಒಕ್ಕಲಿನ ಹುಡುಗ. ಕಾಲೇಜಿಗೆ ಹೋಗ್ತಾನೆ," ಎಂದರು ಧಣಿಗಳು.

"ಹಾಗೆ ಹೇಳಿ! ಮಂಗಳೂರಿನ ಗಾಳಿ." ಅಂಗಳ ನಕ್ಕಿತು. "ಅರ್ಜಿ ಕೊಡು ತಮ್ಮ. ಸರಕಾರ ನಿಮ್ಮದೇ."

ಕೊಟ್ಟೆ. ಬಂಟ್ವಾಳದ ಕಚೇರಿಯ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಅರ್ಜಿ ಓದಿ ಆಶ್ಚರ್ಯಪಟ್ಟರು.

"ನಿಮ್ಮ ಊರು ಆಯಿತಲ್ಲ?"

"ಒಂದು ಮನೆಗೆ ಆಯಿತು ಸರ್."

"ಒಂದಕ್ಕೆ ಆದರೆ ಊರಿಗೆ ಆದ ಹಾಗೆ. ಮೇಲಿನವರು ಕೇಳುವುದು ಎಷ್ಟು ಊರು ಅಂತ. ಎಷ್ಟು ಮನೆ ಅಂತ ಈವರೆಗೆ ಯಾರೂ ಕೇಳಲಿಲ್ಲ."

ಆಮೇಲೆ ನಾನು ಯೋಜನೆಗಳ ಬಗ್ಗೆ ಬೇಕಾದಷ್ಟು ಭಾಷಣ ಕೇಳಿದ್ದೇನೆ. ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಕೇಳಲಿಲ್ಲ. ಕಂಬ ನೆಟ್ಟದ್ದಕ್ಕೆ ಸರಕಾರದಲ್ಲಿ ಲೆಕ್ಕ ಉಂಟು, ಕತ್ತಲೆಯಲ್ಲಿ ಉಳಿದವರಿಗೆ ಉತ್ತರ ಕೊಡಬೇಕಾದವನು ಯಾರೂ ಇಲ್ಲ. ಅಧಿಕಾರಿ ಒಂದು ದಾರಿಯನ್ನೂ ತೋರಿಸಿದರು: ಮನೆ ಯಾರ ಜಾಗದಲ್ಲಿ ಉಂಟೋ ಅವರ ಒಪ್ಪಿಗೆಯ ಸಹಿ ತಂದರೆ ನೋಡುವ ಎಂದರು.

ಮಾವನೂ ನಾನೂ ಧಣಿಗಳಲ್ಲಿಗೆ ಹೋದೆವು. ಮಾವ ಹಿತ್ತಿಲ ಮುಳ್ಳುಸೌತೆ ಒಂದು ಬುಟ್ಟಿ ಒಯ್ದಿದ್ದರು. ಧಣಿಗಳು ಬುಟ್ಟಿಯನ್ನು ಒಳಗೆ ಕಳಿಸಿದರು.

"ಸಹಿ ಹಾಕುವುದು ದೊಡ್ಡದಲ್ಲ. ಇವತ್ತು ಲೈಟಿನ ಬಿಲ್ಲು ನಿನ್ನ ಹೆಸರಿಗೆ ಬರ್ತದೆ. ನಾಳೆ ಸರಕಾರ ಗೇಣಿಯವರಿಗೆ ಅಂತ ಒಂದು ಕಾನೂನು ತರ್ತದೆ. ಆ ಬಿಲ್ಲು ಹಿಡಿದುಕೊಂಡು ಕೋರ್ಟಿಗೆ ಹೋಗ್ತೀ, ಮನೆ ನನ್ನದು, ಗದ್ದೆ ನನ್ನದು ಅಂತ. ನನಗೇನು ಬುದ್ಧಿ ಇಲ್ವಾ?"

"ನಾನು ಹಾಗೆ ಮಾಡುವವನಾ ಧಣಿಗಳೇ?"

"ನೀನಲ್ಲ." ಅವರು ಗದ್ದದಿಂದ ನನ್ನ ಕಡೆ ತೋರಿಸಿದರು. "ಇವನು. ಇವನಿಂದ ಇನ್ನೊಂದು ಅರ್ಜಿ ಹೋಯಿತು ಅಂತಾದರೆ ಬರುವ ಏಣೆಲಿಗೆ ಗದ್ದೆ ಬೇರೆಯವನಿಗೆ."

ಏಣೆಲು ಅಂದರೆ ನಮ್ಮ ಮಳೆಗಾಲದ ಬೆಳೆ. ಅದು ಹೋದರೆ ವರ್ಷದ ಗಂಜಿ ಹೋಯಿತು. ಹಿಂದೆ ಬರುವಾಗ ಮಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಮನೆಯಲ್ಲಿ ಓದಿದವನು ಒಬ್ಬ ಇದ್ದಾನೆ ಎಂಬ ಕಾರಣಕ್ಕೇ ನಮ್ಮ ಮನೆಗೆ ದೀಪ ಬರಲಿಲ್ಲ. ಓದದೆ ಇದ್ದಿದ್ದರೆ ಬರುತ್ತಿತ್ತೇ? ಅದೂ ಇಲ್ಲ. ಕೇಳುವವನೇ ಇರುತ್ತಿರಲಿಲ್ಲ, ಅಷ್ಟೆ.

ಮತ್ತೆ ಅರ್ಜಿ ಬರೆಯಲಿಲ್ಲ. ಚಿಮಿಣಿ ದೀಪದ ಮಸಿ ಮೂಗಿಗೆ ಏರಿಸಿಕೊಂಡು ಓದಿದೆ, ಪಾಸಾದೆ. ಎರಡನೆಯ ದರ್ಜೆ. ನಮ್ಮ ತೋಡಿನ ಆಚೆಯ ಅಷ್ಟೂ ಮನೆಗಳಿಗೆ ನಾನೇ ಮೊದಲ ಪದವೀಧರ. ಇದನ್ನು ಹೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಕಾಲೇಜಿನಿಂದ ಸರ್ಟಿಫಿಕೇಟು ತಂದ ದಿನ ಮಾವ ನೇಜಿ ನೆಡುವ ಗದ್ದೆಯಿಂದ ಆಗ ತಾನೇ ಬಂದಿದ್ದರು. ಕೈಯ ಕೆಸರು ತೊಳೆದು, ಬೈರಾಸಿನಲ್ಲಿ ಒರಸಿಕೊಂಡು, ಎರಡೂ ಕೈ ಚಾಚಿದರು. ಕೊಟ್ಟೆ. ಇಂಗ್ಲಿಷು ಅವರಿಗೆ ಬಾರದು. ಆದರೂ ಮೇಲಿನಿಂದ ಕೆಳಗಿನವರೆಗೆ ಮೆಲ್ಲನೆ ನೋಡುತ್ತಾ ಹೋಗಿ, ಕೆಳಗಿದ್ದ ಸಹಿಯ ಹತ್ತಿರ ನಿಂತರು.

"ಇದು ಧಣಿಗಳದ್ದಾ?"

"ಅಲ್ಲ ಮಾವ. ಇದಕ್ಕೆ ಅವರ ಸಹಿ ಬೇಡ."

"ಬೇಡವಾ?" ಮತ್ತೊಮ್ಮೆ ನೋಡಿದರು. ಅಂಗಳದ ಕಡೆ ಯಾರಾದರೂ ಇದ್ದಾರೋ ಎಂದು ತಿರುಗಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಹಾಗಾದರೆ ಪೆಟ್ಟಿಗೆಯ ಅಡಿಯಲ್ಲಿ ಇಡು ಮಗಾ. ಅವರಿಗೆ ಗೊತ್ತಾಗುವುದು ಬೇಡ."