ಅಮ್ಮ ಕಣ್ಣು ಬಿಟ್ಟ ಫೋಟೋ

ಅರ್ಜಿದಾರನ ಮುಖಕ್ಕಿಂತ ಮೊದಲು ಅರ್ಜಿಗೆ ಅಂಟಿಸಿದ ಮುಖವನ್ನು ನೋಡುವುದು ಗುಮಾಸ್ತರಿಗೆ ಇಪ್ಪತ್ತೇಳು ವರ್ಷಗಳ ಅಭ್ಯಾಸ. ಗುರುತಿನ ಚೀಟಿ ಕೊಡುವ ಕಚೇರಿಯ ಮೂರನೆಯ ಕೌಂಟರಿನಿಂದ ಅವರು ವಾಪಸು ಕಳಿಸಿದ ಮುಖಗಳಿಗೆ ಲೆಕ್ಕವಿಲ್ಲ. ಒಬ್ಬರ ಕಿವಿ ಕಾಣುತ್ತಿಲ್ಲ, ಇನ್ನೊಬ್ಬರ ಕನ್ನಡಕದಲ್ಲಿ ಟ್ಯೂಬ್‌ಲೈಟು ಕಾಣುತ್ತಿದೆ, ಮತ್ತೊಬ್ಬರದು ನಗು ಜಾಸ್ತಿ. ಎಲ್ಲಕ್ಕಿಂತ ಅವರಿಗೆ ಆಗಿಬರದ್ದು ತಲೆಯ ಹಿಂದಿನ ಗೋಡೆಗೆ ಬಿದ್ದ ಕಪ್ಪು. "ಹಿಂದೆ ನೆರಳಿದೆ, ಬೇರೆ ತಗೊಂಡ್ಬನ್ನಿ" ಎಂದು ದಿನಕ್ಕೆ ಮೂವತ್ತು ಸಲ ಹೇಳಿ ಹೇಳಿ ಸ್ವಂತ ಹೆಸರು ಸವೆದು, 'ನೆರಳಪ್ಪ' ಎಂಬುದೇ ನಿಂತಿತ್ತು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ನೆರಳಪ್ಪ. ನೆರಳು ಇರುವುದೂ ಬೆನ್ನ ಹಿಂದೆಯೇ ಆದ್ದರಿಂದ ಅವರು ತಕರಾರು ತೆಗೆದಿರಲಿಲ್ಲ.

ಇಂಥವರ ಮನೆಯ ಆಲ್ಬಂ ಅವರದೇ ಕೌಂಟರಿಗೆ ಬಂದಿದ್ದರೆ ಒಂದು ಹಾಳೆಯೂ ಪಾಸಾಗುತ್ತಿರಲಿಲ್ಲ. ಫೋಟೋ ತೆಗೆಯುವವರು ಸ್ವತಃ ಅವರೇ. ಕ್ಯಾಮೆರಾದ ಹಣೆಯ ಮೇಲಿನ ಪುಟ್ಟ ಫ್ಲ್ಯಾಶು ನೇರ ಮುಖಕ್ಕೆ ರಾಚಿ, ಮುಂದೆ ಕೂತವರು ಹಿಟ್ಟಿನ ಡಬ್ಬಿಗೆ ಮುಖ ಹಾಕಿದ ಬೆಕ್ಕಿನಂತೆ, ಹಿಂದೆ ನಿಂತವರು ಕೈಗೆ ಸಿಕ್ಕ ಕಳ್ಳರಂತೆ ಬರುತ್ತಿದ್ದರು. ಗೋಡೆಯ ಮೇಲೆ ತಲೆಗೊಂದು ನೆರಳು. ಎಣಿಸಿದರೆ ಮನೆಯಲ್ಲಿರುವವರ ಎರಡರಷ್ಟು ಜನ. ನಡುವೆ, ತಪ್ಪದೆ, ಕಣ್ಣು ಮುಚ್ಚಿದ ಅಮ್ಮ.

ಇದನ್ನು ಯಾರೂ ದೊಡ್ಡದು ಮಾಡಿರಲಿಲ್ಲ, ಹೊಸ ಸೊಸೆ ಬರುವ ತನಕ. ಮದುವೆಗೆ ಮೊದಲು ಆಲ್ಬಂ ನೋಡಿಕೊಂಡು ಬಂದಿದ್ದ ಆ ಹುಡುಗಿ ಮೊದಲ ದಿನವೇ ಗಂಡನ ಅಜ್ಜಿಯ ಕೈ ಹಿಡಿದು, "ಇಲ್ಲಿ ಹೊಸ್ತಿಲಿದೆ ಅಜ್ಜಿ, ಮೆಲ್ಲಗೆ" ಎಂದು ಬಚ್ಚಲ ತನಕ ನಡೆಸಿದಳು. ಎರಡನೆಯ ದಿನವೂ ನಡೆಸಿದಳು. ಒಳ್ಳೆಯ ಹುಡುಗಿ, ಹಿರಿಯರೆಂದರೆ ಪ್ರೀತಿ ಎಂದು ಎಲ್ಲರೂ ಮೆಚ್ಚಿಕೊಂಡರು. ಮೂರನೆಯ ದಿನ ಅಮ್ಮ, "ನಿನ್ನ ರವಿಕೆ ತೋಳಿನ ಹತ್ರ ಇಸ್ತ್ರಿ ಸುಟ್ಟಿದೆ ನೋಡು ಮಗಾ" ಎಂದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ಅಜ್ಜಿ, ನಿಮಗೆ ಕಣ್ಣು ಕಾಣ್ಸುತ್ತಾ?"

ಅಮ್ಮ ಆಗ ನಕ್ಕುಬಿಟ್ಟರು. ಸಂಜೆ ಮಗ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡರು.

"ಊರ್ನೋರ ಮೂತಿಯೆಲ್ಲಾ ಸರಿಮಾಡಿಸ್ತೀಯಲ್ಲೋ, ಹೆತ್ತ ತಾಯಿದು ಕಣ್ಣು ಬಿಟ್ಟಿರೋ ಒಂದು ಫೋಟೋ ತೆಗಿಯೋಕಾಗಲ್ವಾ? ಮುಂದಿನ ತಿಂಗಳು ನಂಗೆ ಎಂಬತ್ತು ತುಂಬುತ್ತೆ, ಎಲ್ಲಾರೂ ಬರ್ತಾರೆ. ಅವತ್ತು ತೆಗಿ. ಕಣ್ಣು ಮುಚ್ಚೋಕೆ ಆಮೇಲೆ ಬೇಕಾದಷ್ಟು ಟೈಮಿದೆ."

ಆ ಕೊನೆಯ ಮಾತು ಮೊಹರು ಬಿದ್ದಂತೆ ಬಿತ್ತು. ನೆರಳಪ್ಪ ಮಾರನೆಯ ದಿನವೇ ಕ್ಯಾಮೆರಾ ಅಂಗಡಿಗೆ ಹೋದರು. ಅಂಗಡಿಯವನು ಗೂಬೆಯ ಹಾಗೆ ಕತ್ತು ತಿರುಗಿಸುವ ಒಂದು ದೊಡ್ಡ ಫ್ಲ್ಯಾಶನ್ನು ಮುಂದಿಟ್ಟ.

"ನೇರ ಮುಖಕ್ಕೆ ಹೊಡೆದ್ರೆ ಅದು ಫೋಟೋ ಅಲ್ಲ ಸಾರ್, ಏಟು. ಇದನ್ನ ಕ್ಯಾಮೆರಾ ಮೇಲೆ ಕೂರ್ಸಿ, ಕತ್ತು ಮೇಲೆತ್ತಿ ಸೀಲಿಂಗಿಗೆ ಹೊಡೀರಿ. ಬೆಳಕು ಹರಡ್ಕೊಂಡು ಮೆತ್ತಗೆ ಇಳಿಯುತ್ತೆ. ಹಿಂದೆ ನೆರಳು ಬೇಕು ಅಂದ್ರೂ ಬೀಳಲ್ಲ."

ಮನೆಗೆ ಬಂದು ಹೆಂಡತಿಯನ್ನು ಸೋಫಾದಲ್ಲಿ ಕೂರಿಸಿ ಸೀಲಿಂಗಿಗೆ ಹೊಡೆದರು. ನೆರಳೇನೋ ಮಾಯವಾಗಿತ್ತು. ಹೆಂಡತಿ ಕ್ಯಾಮೆರಾದ ಪರದೆ ನೋಡಿ, "ಇದೇನ್ರೀ, ಪಾಚಿ ಕಟ್ಟಿದ ತೊಟ್ಟಿ ಥರ ಬಂದಿದೀನಿ!" ಎಂದಳು. ಇಬ್ಬರೂ ಒಟ್ಟಿಗೆ ತಲೆಯೆತ್ತಿ ನೋಡಿದರು. ಸೀಲಿಂಗು ಹಸಿರು.

ಅದು ಭಾವನ ಕೃಪೆ. ಅಕ್ಕನ ಗಂಡ, ಕಟ್ಟಡಗಳಿಗೆ ಬಣ್ಣ ಹೊಡಿಸುವ ಗುತ್ತಿಗೆದಾರರು, ಯಾವುದೋ ಕೆಲಸದಲ್ಲಿ ಮಿಕ್ಕಿದ ಬಣ್ಣಕ್ಕೆ ತಮ್ಮ ಔದಾರ್ಯವನ್ನೂ ಬೆರೆಸಿ ಮೂರು ವರ್ಷದ ಹಿಂದೆ ಇಲ್ಲಿ ಬಳಿಸಿದ್ದರು. ಬಂದಾಗಲೆಲ್ಲ ಮೇಲೆ ನೋಡಿ, "ಕಣ್ಣಿಗೆ ಎಷ್ಟು ತಂಪು ಅಲ್ವಾ?" ಎಂದು ಕೇಳಿ, ಹೌದು ಎನ್ನಿಸಿಕೊಂಡೇ ಕೂರುವರು. ಅದಕ್ಕೆ ಬಿಳಿ ಬಳಿಸುವುದೆಂದರೆ ಅಕ್ಕನಿಗೆ ತವರಿನ ಬಾಗಿಲು ಮುಚ್ಚಿದ ಹಾಗೆ.

ಅಂದಿನಿಂದ ನೆರಳಪ್ಪನವರ ದೃಷ್ಟಿ ಮೇಲೇರಿತು. ಯಾರ ಮನೆಗೆ ಹೋದರೂ ಮೊದಲು ಸೀಲಿಂಗು ನೋಡಿ, ಬಿಳಿಯಿದ್ದರೆ ನಿಟ್ಟುಸಿರು ಬಿಡುತ್ತಿದ್ದರು. ಪಕ್ಕದ ಮನೆಯಾಕೆ ಅದನ್ನು ತಪ್ಪು ತಿಳಿದು ಎರಡು ದಿನ ಜೇಡರಬಲೆ ಹೊಡೆದಳು. ಬಿಳಿ ಹೊದಿಕೆಯೊಂದನ್ನು ಫ್ಯಾನಿನ ರೆಕ್ಕೆಗಳಿಗೆ ಕಟ್ಟಿ ನೋಡಿದ್ದೂ ಆಯಿತು. ಸೆಖೆ ಎಂದು ಮಗ ಸ್ವಿಚ್ ಒತ್ತಿದ್ದೂ ಆಯಿತು.

ಹಸಿರಾದರೂ ಸರಿ, ಕಣ್ಣಾದರೂ ಬಿಡಲಿ ಎಂದು ಅಮ್ಮನನ್ನು ಕೂರಿಸಿ ಮೂವತ್ತನಾಲ್ಕು ಫೋಟೋ ತೆಗೆದರು. ಮೂವತ್ತನಾಲ್ಕರಲ್ಲೂ ಅಮ್ಮ ಕಣ್ಣು ಮುಚ್ಚಿದ್ದರು.

"ನಾನೇನು ಬೇಕು ಅಂತ ಮುಚ್ತೀನೇನೋ? ಅದು ಮೊದಲು ಒಂದು ಚಿಕ್ಕ ಮಿಂಚು ಮಿಂಚಿ ಕಣ್ಣು ಮುಚ್ಚಿಸುತ್ತೆ. ಮುಚ್ಚಿದ ಮೇಲೆ ದೊಡ್ಡದು ಹೊಡೆದು ಫೋಟೋ ತೆಗಿಯುತ್ತೆ. ಮೊದಲು ನೋಟೀಸು, ಆಮೇಲೆ ಏಟು. ಅಂಗಡಿಯಿಂದ ತಂದ್ಯೋ, ನಿಮ್ಮ ಆಫೀಸಿಂದ್ಲೇ ತಂದ್ಯೋ?"

ಅಂಗಡಿಗೆ ಫೋನು ಹೋಯಿತು. "ಅಜ್ಜಿ ಹೇಳಿದ್ದು ಸರಿ ಸಾರ್," ಎಂದ ಅಂಗಡಿಯವನು. "ಆಟೋದಲ್ಲಿಟ್ರೆ ಬೆಳಕು ಅಳೆಯೋಕೆ ಮೊದಲು ಒಂದು ಮಿಣುಕು ಬಿಡುತ್ತೆ. ಮ್ಯಾನ್ಯುಯಲ್‌ಗೆ ಹಾಕಿ, ಒಂದೇ ಸಲ ಹೊಡೆಯುತ್ತೆ. ಎಷ್ಟು ಬೆಳಕು ಬೇಕು ಅನ್ನೋದನ್ನ ಮಾತ್ರ ನೀವೇ ತೀರ್ಮಾನ ಮಾಡ್ಬೇಕು."

ನಿಯಮಾವಳಿ ಬಿಟ್ಟು ತಾವೇ ಏನನ್ನೂ ತೀರ್ಮಾನಿಸಿ ಗೊತ್ತಿಲ್ಲದ ನೆರಳಪ್ಪ ಒಂದು ವಾರ ಹೂಜಿ, ದಿಂಬು, ಹೆಂಡತಿಗಳ ಮೇಲೆ ಅಭ್ಯಾಸ ಮಾಡಿದರು. ನೋಟೀಸಿನ ಕಾಟ ತಪ್ಪಿತು. ಹಸಿರು ಹಾಗೇ ಉಳಿಯಿತು.

ಎಂಬತ್ತು ತುಂಬಿದ ಭಾನುವಾರ ಹದಿನಾಲ್ಕು ಜನ ಬಂದರು. ಭಾವ ಎಂದಿನಂತೆ ತಮ್ಮ ದಪ್ಪ ಮೈಗೆ ಗಂಜಿ ಹಾಕಿದ ಬೆಳ್ಳನೆಯ ತುಂಬುತೋಳಿನ ಅಂಗಿ ತೊಟ್ಟು, ಎಂದಿನಂತೆ ಅಮ್ಮನ ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿ ಜಾಗ ಹಿಡಿದು, ಕೈ ತೊಳೆಯಲು ಎದ್ದರು. ಬೆಳಕು ನೋಡಲು ನೆರಳಪ್ಪ ಒಂದು ಸಲ ಒತ್ತಿದರು. ಫ್ಲ್ಯಾಶಿನ ಕತ್ತು ಪಕ್ಕಕ್ಕೆ ತಿರುಗಿದ್ದು ಅವರ ಗಮನಕ್ಕೆ ಬಂದಿರಲಿಲ್ಲ. ಅದೇ ಹೊತ್ತಿಗೆ ಭಾವ ಆ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಪರದೆಯಲ್ಲಿ ಅಮ್ಮನ ಮುಖ ಬೆಳಗಿನ ಕಿಟಕಿಯ ಹತ್ತಿರ ಕೂತವರ ಹಾಗೆ ತಿಳಿಯಾಗಿತ್ತು. ಹಸಿರಿನ ಸುಳಿವಿರಲಿಲ್ಲ. ಕಣ್ಣು ಮಾತ್ರ ಕಾಫಿ ಲೋಟದ ಕಡೆಗಿತ್ತು.

ನೆರಳಪ್ಪ ಭಾವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. ಒಂದು ತಿಂಗಳು ಹುಡುಕಿದ ಬಿಳಿ ಸೀಲಿಂಗು ಗುಂಡಿ ಹಾಕಿಕೊಂಡು ನಡೆದಾಡುತ್ತಿತ್ತು.

"ಭಾವ, ಈ ಸ್ಟೂಲ್ ಹತ್ತಿ ನನ್ನ ಪಕ್ಕದಲ್ಲಿ ನಿಂತ್ಕೋತೀರಾ?"

"ಯಾಕಪ್ಪಾ, ನನ್ದೊಬ್ಬನ್ದೇ ಬೇರೆ ತೆಗೀತೀಯಾ?"

"ಇಲ್ಲ... ನೀವು ಬರಲ್ಲ. ನಿಮ್ಮ ಎದೆ ಮೇಲೆ ಬಿದ್ದ ಬೆಳಕು ಬರುತ್ತೆ."

ಅಕ್ಕ ಎದ್ದು ನಿಂತಳು. "ಏನೋ ಅದು? ಮನೆ ಅಳಿಯನ್ನ ಫೋಟೋದಿಂದ ಆಚೆಗೆ ಹಾಕ್ತೀಯಾ?"

"ಸೀಲಿಂಗ್ ಇದೆಯಲ್ಲೋ, ಅಷ್ಟು ತಂಪಾಗಿ!" ಎಂದರು ಭಾವ.

ನೆರಳಪ್ಪನವರಿಗೆ ಬೇರೆ ದಾರಿ ಉಳಿಯಲಿಲ್ಲ. ಹಸಿರು ಅಮ್ಮನನ್ನು ತೆಗೆದು ತೋರಿಸಿದರು. ಭಾವ ಒಮ್ಮೆ ಪರದೆ ನೋಡಿದರು, ಒಮ್ಮೆ ಸೀಲಿಂಗು ನೋಡಿದರು, ಕೊನೆಗೆ ಕರವಸ್ತ್ರ ಹಾಕಿದ ಕುರ್ಚಿಯನ್ನು ನೋಡಿದರು.

"ಅಳಿಯಂದ್ರೇ," ಅಮ್ಮ ಮೆತ್ತಗೆ ಹೇಳಿದರು, "ನಾನು ಹಣ್ಣಾಗಿ ಎಷ್ಟೋ ವರ್ಷ ಆಯ್ತು. ನಿಮ್ಮ ಬಣ್ಣ ನನ್ನನ್ನ ಮತ್ತೆ ಕಾಯಿ ಮಾಡ್ತಿದೆ."

ಭಾವ ಕರವಸ್ತ್ರ ಎತ್ತಿಕೊಂಡು ಸ್ಟೂಲು ಹತ್ತಿದರು. ಹತ್ತಿದ ಮೇಲೆ ಅರೆಮನಸ್ಸಿನ ಕೆಲಸ ಅವರ ಜಾಯಮಾನವಲ್ಲ. ಉಸಿರೆಳೆದು ಎದೆ ಹಿಗ್ಗಿಸಿ ಎರಡೂ ಕೈ ಚಾಚಿದರು. ಸ್ಟೂಲು ಕಿರುಗುಟ್ಟಿತು.

"ಬಿದ್ದೀರಿ ಅಳಿಯಂದ್ರೇ!" ಅಮ್ಮ ಕಣ್ಣು ಅಗಲಿಸಿ ಕೂಗಿ, ಕೂಗಿದ ಬಾಯಲ್ಲೇ ನಕ್ಕರು. ನೆರಳಪ್ಪ ಒತ್ತಿದರು.

ನಿಯಮದ ಪ್ರಕಾರ ಆ ಫೋಟೋ ತಿರಸ್ಕೃತವಾಗಬೇಕು. ಬಾಯಿ ತೆರೆದಿದೆ, ಮುಖ ಓರೆಯಾಗಿದೆ, ದೃಷ್ಟಿ ಕ್ಯಾಮೆರಾದ ಕಡೆಗಿಲ್ಲ. ಆದರೆ ಹಿಂದೆ ನೆರಳಿರಲಿಲ್ಲ, ಮುಂದೆ ಎರಡು ಕಣ್ಣುಗಳು ಪೂರ್ತಿ ತೆರೆದಿದ್ದವು. ಅಮ್ಮ ಕ್ಯಾಮೆರಾವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮಮ್ಮನ ಕಣ್ಣು ಕಣೋ ಇವು. ನಂಗೆ ಬಂದಿದ್ವು ಅಂತಾನೇ ಗೊತ್ತಿರ್ಲಿಲ್ಲ."

ಆ ಫೋಟೋ ಈಗ ಹಸಿರು ಸೀಲಿಂಗಿನ ಕೆಳಗೇ ತೂಗುತ್ತಿದೆ. ನೀವು ಇದರಲ್ಲಿ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಭಾವ ಎದ್ದು ಹೋಗಿ ಬೆರಳಿಟ್ಟು ತೋರಿಸುತ್ತಾರೆ: "ಅತ್ತೆ ಕೆನ್ನೆ ಮೇಲೆ ಬೆಳಕಿದೆಯಲ್ಲ, ಅದು ನಾನೇ."

ನೆರಳಪ್ಪ ಮೂರನೆಯ ಕೌಂಟರಿನಲ್ಲಿ ಈಗಲೂ ಫೋಟೋ ವಾಪಸು ಕೊಡುತ್ತಾರೆ. ಆದರೆ ಸುಮ್ಮನೆ ಕೊಡುವುದಿಲ್ಲ. "ಹಿಂದೆ ನೆರಳಿದೆ" ಎಂದು ಅರ್ಜಿ ತಳ್ಳಿ, ಹೊರಟವರನ್ನು ತಡೆದು, ದನಿ ತಗ್ಗಿಸಿ ವಿಚಾರಿಸುತ್ತಾರೆ:

"ಮನೇಲಿ ಸ್ವಲ್ಪ ದಪ್ಪಗಿರೋ ಭಾವ ಯಾರಾದ್ರೂ ಇದಾರಾ?"