ಕುಳ್ಳು ಬಡಿಯುವ ಗೋಡೆ

ಮುದಗಲ್ ಕೋಟೆ ನೋಡಲು ಬಂದವರು ನನ್ನ ಹೊಲಿಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, “ಆ ಗೋಡೆಚಿತ್ರ ಎಲ್ಲಿದೆ?” ಎಂದು ಕೇಳುತ್ತಾರೆ. ಗೋಡೆ ಯಾರದೆಂದು ಒಬ್ಬರೂ ಕೇಳುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಕೇಳದಿದ್ದರೂ ಹೇಳುತ್ತೇನೆ: ಅದು ಎದುರುಮನೆ ಮುದುಕಮ್ಮನ ಗೋಡೆ.

ಮುದುಕಮ್ಮ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಟ್ಟು ಬದುಕುವವಳು. ಗಂಡ ಸತ್ತ ಮೇಲೆ ಉಳಿದದ್ದು ಎರಡು ಎಮ್ಮೆ, ಒಂದು ಒಲೆ. ಗ್ಯಾಸಿನ ಮೇಲೆ ಅಷ್ಟು ರೊಟ್ಟಿ ಬೇಯಿಸಿದರೆ ಗಿಟ್ಟುವುದಿಲ್ಲ. ಅದಕ್ಕೇ ಬೇಸಿಗೆಯಿಡೀ ಆ ಗೋಡೆಗೆ ಸಗಣಿಯ ಕುಳ್ಳು ಬಡಿದು, ಒಣಗಿಸಿ, ಮಳೆಗಾಲಕ್ಕೆ ಒಟ್ಟಿಕೊಳ್ಳುತ್ತಾಳೆ. ನಮ್ಮ ಇಕ್ಕಟ್ಟು ಓಣಿಯಲ್ಲಿ ಸರಿಯಾಗಿ ಬಿಸಿಲು ಬೀಳುವ ಗೋಡೆ ಅದೊಂದೇ.

ಈ ಬೇಸಿಗೆಯಲ್ಲಿ ಅವಳು ತುರ್ವಿಹಾಳಕ್ಕೆ ತಂಗಿಯ ಮನೆಯ ಮದುವೆಗೆ ಹೋದಳು. ಎಮ್ಮೆಗಳನ್ನು ನಾನು ನೋಡಿಕೊಂಡೆ. ಅವಳು ಅತ್ತ ಹೋದದ್ದೇ ತಡ, ಊರು ಚೆಂದ ಮಾಡಲು ಹೊರಟ ಗುರುಬಸವ ಸಾಹುಕಾರ ದೂರದಿಂದ ಚಿತ್ರಗಾರರನ್ನು ಕರೆಸಿದ. ಗೋಡೆಯ ಕುಳ್ಳನ್ನೆಲ್ಲ ಕಿತ್ತು ಗಟಾರಕ್ಕೆ ಎಸೆದರು.

“ಆಕಿನ್ನ ಒಂದ್ ಮಾತ್ ಕೇಳ್ರಿ,” ಎಂದೆ.

“ಆಕಿ ಖುಷಿ ಆಗ್ತಾಳ ಬಿಡು, ಚಾಂದ್‌ಬೀ,” ಎಂದ ಸಾಹುಕಾರ.

ಬರೆದದ್ದು ಯಾರನ್ನು? ಮುದುಕಮ್ಮನನ್ನೇ! ಹಿಂದೊಮ್ಮೆ ತೆಗೆದ ಫೋಟೋ ನೋಡಿಕೊಂಡು ಬರೆದರಂತೆ. ಕುಕ್ಕರಗಾಲಲ್ಲಿ ಕೂತು, ಕುಳ್ಳು ಬಡಿಯುತ್ತ, ಹಲ್ಲೆಲ್ಲ ಕಾಣುವಂತೆ ನಗುವ ಮುದುಕಮ್ಮ.

ಊರಿಂದ ಬಂದವಳು ಕೈಯಲ್ಲಿನ ಚೀಲ ಇಳಿಸದೆ ಗೋಡೆ ನೋಡುತ್ತ ನಿಂತಳು.

“ಇಕಿ ಯಾರ?”

“ನೀನ ಅಲ್ಲೇನ,” ಎಂದೆ.

“ನನ್ನ ಕುಳ್ಳು ಎಲ್ಲ್ಯಾವ?”

ಸಾಹುಕಾರ ಬಂದು, ಇದು ಇನ್ನು ಊರಿನ ಆಸ್ತಿ, ಕೈ ಹಚ್ಚಬೇಡ ಎಂದು ತಾಕೀತು ಮಾಡಿ ಹೋದ. ಪಾಪ, ಮುದುಕಮ್ಮ ಕುಳ್ಳನ್ನು ನೆಲದ ಮೇಲೆ ತಟ್ಟಿ ನೋಡಿದಳು. ಆಡು ತುಳಿದವು, ಬೈಕು ಹಾಯ್ದವು. ಉರುವಲಿಲ್ಲದೆ ರೊಟ್ಟಿ ನಿಂತಿತು, ಖಾನಾವಳಿಯವರು ಬೇರೆಯವರನ್ನು ಹಿಡಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಆ ಬಣ್ಣದ ನಗು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಿತ್ರದ ಉದ್ಘಾಟನೆಯ ದಿನ ಸಾಹುಕಾರ ಅವಳಿಗೆ ಹೊಸ ಇಳಕಲ್ ಸೀರೆ ಉಡಿಸಿ, ಸಗಣಿಯ ಬುಟ್ಟಿ ಕೊಟ್ಟು, ಗೋಡೆಯ ಮುಂದೆ ನಿಲ್ಲಿಸಿದ. ಫೋಟೋದವರು ಸಾಲುಗಟ್ಟಿದ್ದರು.

“ಬಡದಂಗ ಮಾಡು, ಮುದುಕಮ್ಮ. ಬಡೀಬ್ಯಾಡ. ಹಾಂ, ಚಿತ್ರದಾಗಿನ ಗತೆ ನಗು ಈಗ.”

ಮುದುಕಮ್ಮ ಒಂದು ಮುದ್ದೆ ಎತ್ತಿಕೊಂಡಳು. ಚಿತ್ರದ ಮುಖವನ್ನೇ ನೋಡಿದಳು. ಆಮೇಲೆ ರಪ್ಪೆಂದು ಬಡಿದಳು, ಆ ನಗುವ ಬಾಯಿಯ ಮೇಲೆ.

“ಏಯ್! ಏನ್ ಮಾಡಾಕತ್ತಿ?”

“ನನ್ನ ಮಾರಿ ಬರಕೊಂಡ್ರಿ, ಬರಕೋರಿ,” ಎಂದಳು. “ನನ್ನ ಒಲಿ ಆರಿಸಿ ನನ್ನ ನಗು ಅಂತೀರೇನ್ರಿ, ಸಾವ್ಕಾರ್ರ?”

ನಾನು ಕತ್ತರಿ ಬಿಸಾಕಿ ಓಡಿಹೋಗಿ, ಅವಳ ಕೈಗೆಟುಕುವಂತೆ ಬುಟ್ಟಿ ಹಿಡಿದು ನಿಂತೆ. “ಸೀರಿ ಹೊಲಸಾಗ್ತೈತಿ, ಸೀರಿ!” ಎಂದು ಸಾಹುಕಾರ ಕೂಗುತ್ತಲೇ ಇದ್ದ. ಮುದುಕಮ್ಮ ಆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ಮುದ್ದೆ ಎತ್ತಿಕೊಂಡಳು.