ಏಳನೆಯ ಹಾಳೆ ಇದ್ದ ಜಾಗ

ಮಾರ್ಚ್ ಒಂಬತ್ತು, ಭಾನುವಾರ. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆ. ಎದುರು ಮನೆಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಎಂಟಕ್ಕೆ ಶುರುವಾಗುತ್ತವೆ. ಅಷ್ಟರೊಳಗೆ ಮುಗಿಸಬೇಕು.

ನಾನು ಪಿಯಾನೊ ನುಡಿಸಿ ಬದುಕುವವಳು. ಈ ಊರಿನಲ್ಲಿ ಹಾಗೆಂದರೆ ಜನ ಮದುವೆ ಆರ್ಕೆಸ್ಟ್ರಾ ಎಂದುಕೊಳ್ಳುತ್ತಾರೆ, ಅದು ಪೂರ್ತಿ ಸುಳ್ಳೂ ಅಲ್ಲ. ಕಳೆದ ವರ್ಷದ ನನ್ನ ಡೈರಿಯಲ್ಲಿ ಮದುವೆಯ ಆರತಕ್ಷತೆಗಳು ಹದಿನಾಲ್ಕು, ಬಳ್ಳಾರಿಯ ಹೋಟೆಲಿನಲ್ಲಿ ಊಟದ ಹೊತ್ತಿಗೆ ನುಡಿಸಿದ್ದು ಮೂವತ್ತೊಂದು ಸಲ, ನಿಜವಾದ ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಗಳು ಒಂಬತ್ತು. ಆ ಒಂಬತ್ತಕ್ಕಾಗಿಯೇ ಉಳಿದದ್ದೆಲ್ಲ.

ಜನವರಿ ಹದಿನೆಂಟರಂದು ಇದೇ ಊರಿನಲ್ಲಿ ನಾನು ಓದಿದ ಶಾಲೆಯ ಸಭಾಂಗಣದಲ್ಲಿ ಕಛೇರಿ ಇತ್ತು. ಅಲ್ಲಿ ಒಂದು ಹಳೆಯ ಪಿಯಾನೊ ಇದೆ. ಧೂಳು ಕೂರದಿರಲೆಂದು ಅದಕ್ಕೆ ಜೀನ್ಸ್ ಬಟ್ಟೆಯ ಹೊದಿಕೆ ಹೊಲಿಸಿದ್ದಾರೆ. ನನ್ನ ಟೀಚರ್ ನನಗೆ ಒಂಬತ್ತನೆಯ ವಯಸ್ಸಿನಿಂದ ಕಲಿಸಿದ್ದು ಅದರ ಮೇಲೆಯೇ. ನಿವೃತ್ತಿಯಾದ ಮೇಲೆ ಅವರು ತಮ್ಮ ಊರಾದ ಮಡಕಶಿರಕ್ಕೆ ಹೋಗಿ, ಮನೆಯಲ್ಲಿ ಒಂದು ಕೀಬೋರ್ಡ್ ಇಟ್ಟುಕೊಂಡು ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದರು.

ಕಛೇರಿಗೆ ಬೆಂಗಳೂರಿನಿಂದ ಹಿರಿಯ ವಯಲಿನ್ ವಾದಕರೊಬ್ಬರು ಬರುವವರಿದ್ದರು. ವಯಲಿನ್ ಜೊತೆ ನುಡಿಸುವಾಗ ಪಿಯಾನೊದವರು ಸ್ವರಲಿಪಿ ನೋಡಿಕೊಂಡೇ ನುಡಿಸುವುದು ವಾಡಿಕೆ. ಎರಡು ಕೈಗೂ ಬಿಡುವಿರುವುದಿಲ್ಲವಾದ್ದರಿಂದ ಹಾಳೆ ತಿರುವಲು ಎಡಗಡೆ ಒಬ್ಬರು ಕೂರುತ್ತಾರೆ. ನಾವು ತಲೆಯಾಡಿಸಿದ ಕೂಡಲೆ ಅವರು ಎದ್ದು ಒಂದು ಹಾಳೆ ತಿರುವಿ ಮತ್ತೆ ಕೂರಬೇಕು. "ಆ ಕೆಲ್ಸ ನಂದೇ. ಬೇರೆ ಯಾರ್ನೂ ಕರೀಬೇಡ" ಎಂದು ಟೀಚರ್ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದರು.

ನನ್ನ ಸ್ವರಲಿಪಿ ಒಂದೇ ಮಗ್ಗುಲಿಗೆ ಜೆರಾಕ್ಸ್ ಮಾಡಿಸಿದ ಇಪ್ಪತ್ತೆರಡು ಬಿಡಿ ಹಾಳೆಗಳು, ರಿಂಗ್ ಫೈಲಿನಲ್ಲಿ. ಪ್ರತಿ ಕಛೇರಿಯ ಮೊದಲು ಹಾಳೆ ಎಣಿಸುತ್ತೇನೆ. ಎಣಿಸಿ ಡೈರಿಯಲ್ಲಿ ಗುರುತು ಹಾಕುತ್ತೇನೆ. ಆ ದಿನದ ಪುಟದಲ್ಲೂ "ಹಾಳೆ ಎಣಿಸಿದೆ" ಎಂಬುದರ ಮುಂದೆ ಗುರುತಿದೆ. ಆದರೆ ಅದನ್ನು ಹಾಕಿದ್ದು ಬೆಳಿಗ್ಗೆ, ಮಡಕಶಿರದಲ್ಲಿ ಬಸ್ ಹತ್ತುವ ಮೊದಲು. ಹೇಗೂ ಎಣಿಸುತ್ತೇನಲ್ಲ, ಈಗಲೇ ಹಾಕಿದರೇನು ಎಂದುಕೊಂಡಿದ್ದೆ.

ಟೀಚರನ್ನು ಕರೆತರಲು ನಾನು ಹಿಂದಿನ ದಿನವೇ ಹೋಗಿದ್ದೆ. ಬಸ್ಸಿನಲ್ಲಿ ಅವರು ಕಿಟಕಿಗೆ ಒರಗಿ ನಿದ್ದೆ ಹೋದರು. ಏಳನೆಯ ಹಾಳೆಯಲ್ಲಿ ಎಡಗೈಗೆ ಕಷ್ಟದ ಜಾಗವೊಂದಿದೆ. ಆ ಹಾಳೆ ಬಿಚ್ಚಿ ತೊಡೆಯ ಮೇಲಿಟ್ಟು, ಫೈಲನ್ನು ಮೇಲೆ ಸಾಮಾನಿಡುವ ಕಂಬಿಗೆ ಏರಿಸಿ, ಮೊಣಕಾಲ ಮೇಲೆ ಬೆರಳಾಡಿಸತೊಡಗಿದೆ. ಪಕ್ಕದಲ್ಲಿ ರೊಳ್ಳದ ಕಡೆಯ ಹೆಂಗಸೊಬ್ಬಳು ನಿಂತಿದ್ದಳು.

"ಟೈಪಿಂಗ್ ಕಲೀತಿದ್ಯೇನಮ್ಮ?"

"ಪಿಯಾನೊ ಅಮ್ಮ ಇದು. ವಾದ್ಯ."

"ಸದ್ದೇ ಬರ್ತಿಲ್ವಲ್ಲ?"

"ನನಗೆ ಕೇಳಿಸ್ತದೆ."

"ನಮ್ಮೆಜಮಾನ್ರೂ ಹಂಗೇ ಕಣಮ್ಮ. ನಾನ್ ಹೇಳಿದ್ದೊಂದು, ಅವ್ರಿಗೆ ಕೇಳ್ಸೋದೇ ಇನ್ನೊಂದು" ಎಂದು ಅವಳು ನಕ್ಕಳು. ನಾನೂ ನಕ್ಕೆ. ಕಲ್ಯಾಣದುರ್ಗ ಬಂದಿತು, ಬಸ್ ಬದಲಿಸಬೇಕಿತ್ತು. ಅವಸರದಲ್ಲಿ ಹಾಳೆಯನ್ನು ಡೈರಿಯ ಹಿಂದಿನ ರಟ್ಟಿಗೆ ಸಿಕ್ಕಿಸಿದೆ.

ವಯಲಿನ್‌ನವರು ತಡವಾಗಿ ಬಂದರು, ಹಾಳೆ ಎಣಿಸುವುದು ಉಳಿದೇಹೋಯಿತು. ಬೆಂಗಳೂರಿನಲ್ಲಿ ಮೊದಲೇ ಅಭ್ಯಾಸ ಮಾಡಿದ್ದೆವಾದ್ದರಿಂದ ಅಂದು ಮೊದಲ ನಾಲ್ಕು ಹಾಳೆಗಳನ್ನಷ್ಟೇ ನುಡಿಸಿ ನೋಡಿದೆವು.

ಸಂಜೆ ಆರನೆಯ ಹಾಳೆಯ ಕೊನೆಗೆ ನಾನು ತಲೆಯಾಡಿಸಿದೆ. ಟೀಚರ್ ತಿರುವಿದರು. ಎದುರಿಗೆ ಎಂಟನೆಯದು ಬಂತು. ಅವರು ಹಿಂದಕ್ಕೆ ತಿರುವಿದರು, ಆರು. ಮುಂದಕ್ಕೆ, ಎಂಟು. ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆಯ ಮೂಲೆಯನ್ನು ತಿಕ್ಕಿದರು, ಎರಡು ಅಂಟಿಕೊಂಡಿವೆ ಎಂದುಕೊಂಡು. ಮತ್ತೆ ತಿಕ್ಕಿದರು. ನನ್ನ ಎಡಗೈ ನಿಂತುಹೋಯಿತು. ವಯಲಿನ್ ಎರಡು ಸಾಲು ಒಂಟಿಯಾಗಿ ಹೋಗಿ ಅದೂ ನಿಂತಿತು. ಎಂಟನೆಯ ಹಾಳೆಯಿಂದ ಮತ್ತೆ ಶುರು ಮಾಡಿ ಹೇಗೋ ಮುಗಿಸಿದೆವು. ಮುಗಿದ ಕೂಡಲೆ ನಾನು ಫೈಲನ್ನು ಕಿತ್ತುಕೊಂಡಂತೆ ಎತ್ತಿ ಚೀಲಕ್ಕೆ ತುರುಕಿದೆ.

ಒಳಕೋಣೆಗೆ ಜನ ಬಂದರು. ಶಾಲೆಯ ಹೆಡ್‌ಮಾಸ್ಟರು, "ಯಾಕ್ರಿ ಮೇಡಂ, ನಡುವ ನಿಂತ್ಬಿಟ್ರಿ?" ಎಂದು ಕೇಳಿದರು.

"ಟೀಚರ್ ಎರಡು ಹಾಳಿ ಕೂಡೇ ತಿರುವಿದ್ರು ರೀ" ಎಂದೆ.

ಟೀಚರ್ ಬಾಗಿಲಲ್ಲಿ ನನ್ನ ನೀರಿನ ಬಾಟಲಿ ಹಿಡಿದು ನಿಂತಿದ್ದರು. "ಹೌದು, ನಂದೇ ತಪ್ಪು. ವಯಸ್ಸಾಯ್ತಲ್ಲ" ಎಂದರು. ಆಮೇಲೆ ಬಂದವರೆಲ್ಲರಿಗೂ ನಾನು ಅದನ್ನೇ ಹೇಳಿದೆ. ವಯಲಿನ್‌ನವರು ಹೊರಡುವಾಗ, "ಬೇಸಿಗೆಯಲ್ಲಿ ಬೆಂಗಳೂರಲ್ಲಿ ಮೂರು ಕಛೇರಿ ಇವೆ, ನೀವೇ ಬನ್ನಿ. ಹಾಳೆ ತಿರುವುವವರನ್ನ ಮಾತ್ರ ನಾನೇ ಕರೆತರ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಡೈರಿಯ ಹಿಂದಿನ ರಟ್ಟು ತೆರೆದೆ. ಏಳನೆಯ ಹಾಳೆ ಅಲ್ಲಿತ್ತು.

ಅಲ್ಲಿಯವರೆಗೆ ನಾನು ಹೇಳಿದ್ದು ತಪ್ಪು ತಿಳಿವಳಿಕೆ. ಅಲ್ಲಿಂದ ಮುಂದಿನದಕ್ಕೆ ಆ ಹೆಸರು ಹೊಂದುವುದಿಲ್ಲ. ಹಾಳೆಯನ್ನೇ ಮರೆಯುವವಳು ಎಂದು ಗೊತ್ತಾದರೆ ಆ ಮೂರು ಕಛೇರಿಗಳು ಹೋಗುತ್ತವೆ ಎಂದು ಹೆದರಿದೆ. ಟೀಚರಿಗೇನು, ಅವರು ಮರೆತೇಬಿಟ್ಟಿರುತ್ತಾರೆ ಎಂದುಕೊಂಡೆ.

ಫೆಬ್ರುವರಿ ಹದಿನಾರರಂದು ಫೋನ್ ಮಾಡಿದಾಗ ಅವರೇ ಹೇಳಿದರು: "ಮಕ್ಳನ್ನ ಕಳಿಸ್ಬಿಟ್ಟೆ ಕಣಮ್ಮ. ಕಣ್ಣು ತೋರಿಸ್ದೆ, ಕಣ್ಣು ಸರಿಯಾಗೇ ಐತಂತೆ. ಹಂಗಾದ್ರೆ ತಲೇನೇ ಕೆಡ್ತಾ ಇರ್ಬೇಕು. ತಪ್ಪು ತಪ್ಪು ಹೇಳ್ಕೊಡೋದು ಬೇಡ ಅಂತ ನಿಲ್ಲಿಸ್ದೆ."

ಆಗಲೂ ನಾನು ಹೇಳಲಿಲ್ಲ. "ಆರೋಗ್ಯ ನೋಡ್ಕೊಳ್ರಿ" ಎಂದು ಫೋನ್ ಇಟ್ಟೆ. ಅಲ್ಲಿಂದ ಹದಿನಾಲ್ಕು ದಿನ ಕಳೆದೆ. ಅದರೊಳಗೆ ಹೋಟೆಲಿನಲ್ಲಿ ನಾಲ್ಕು ಸಲ, ಒಂದು ಆರತಕ್ಷತೆಯಲ್ಲಿ ಒಮ್ಮೆ ನುಡಿಸಿದೆ. ಐದು ಸಲವೂ ಎಡಗೈ ಮುಂದೆ ಆ ಎಂಜಲು ಬೆರಳು ಕಂಡಿತು.

ಮಾರ್ಚ್ ಎರಡು, ಭಾನುವಾರ, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಮಡಕಶಿರದ ಅವರ ಮನೆ ತಲುಪಿದೆ. ಕೀಬೋರ್ಡಿನ ಮೇಲೆ ಹಳೆಯ ಸೀರೆ ಹೊದಿಸಿತ್ತು.

"ಬಾರೇ, ಹೇಳ್ದೆ ಕೇಳ್ದೆ ಬಂದಿದ್ಯಲ್ಲ! ಮುದ್ದೆ ಮಾಡಿದ್ದೀನಿ, ಕೈ ತೊಳ್ಕೊ."

ನಾನು ಕೈ ತೊಳೆಯಲಿಲ್ಲ. ಹಾಳೆಯನ್ನು ಅವರ ಮಡಿಲಲ್ಲಿಟ್ಟೆ. "ಏಳನೇ ಹಾಳಿ ಟೀಚರ್. ಆವತ್ತು ಫೈಲಿನಾಗ ಇರಲೇ ಇಲ್ಲ. ನನ್ನ ಡೈರಿಯಾಗ ಇತ್ತು. ನೀವು ಎರಡು ತಿರುವಿಲ್ರಿ."

ಅವರು ನನ್ನ ಚೀಲದಲ್ಲಿದ್ದ ಫೈಲಿಗಾಗಿ ಕೈ ಚಾಚಿದರು. ರಿಂಗ್ ಬಿಚ್ಚಿ ಹಾಳೆಯನ್ನು ಅದರ ಜಾಗಕ್ಕೆ ಸೇರಿಸಿದರು. ಆಮೇಲೆ ಮೊದಲಿನಿಂದ ಒಂದೊಂದಾಗಿ ಇಪ್ಪತ್ತೆರಡನ್ನೂ ತಿರುವಿದರು.

"ಒಂದೂ ಅಂಟ್ಕೊಂಡಿಲ್ಲ" ಎಂದರು. ಮತ್ತೆ, "ಇದು ಯಾವತ್ತು ಸಿಕ್ತು?"

"ಮಾರನೇ ದಿನ ರೀ. ಇವತ್ತಿಗೆ ನಲವತ್ತೆರಡು ದಿನ."

"ಲೆಕ್ಕ ಚೆನ್ನಾಗಿಟ್ಟಿದ್ಯ." ಅವರ ದನಿ ಏರಲಿಲ್ಲ. "ನಲವತ್ತೆರಡು ದಿನ ನಾನು ಬಾಗ್ಲು ಹಾಕಿ ಮೂರು ಸಲ ನೋಡಿದ್ದೀನಿ ಕಣೇ. ಒಲೆ ಆರ್ಸಿದ್ನಾ ಅಂತ ಬೀದಿಯಿಂದ ವಾಪಸ್ ಬಂದಿದ್ದೀನಿ. ನನ್ನ ಮೇಲೆ ನಂಗೇ ನಂಬ್ಕೆ ಹೋಯ್ತು. ನಿಂಗೊಂದು ಫೋನ್ ಮಾಡಕ್ಕಾಗ್ಲಿಲ್ವಾ?"

ಅವರೇ ಎದ್ದು ಮುದ್ದೆ ಬಡಿಸಿದರು. ಇಬ್ಬರೂ ಅರ್ಧ ಬಿಟ್ಟೆವು. ನಾನು ಚಪ್ಪಲಿ ಮೆಟ್ಟುವಾಗ ಅವರು ಬಾಗಿಲಿಗೆ ಬಂದು ಹೇಳಿದರು:

"ಅವತ್ತು ಎಷ್ಟು ಜನಕ್ಕೆ ನನ್ನ ಹೆಸರು ಹೇಳಿದ್ಯೋ, ಅಷ್ಟೂ ಜನಕ್ಕೆ ಹೋಗಿ ನಿಜ ಹೇಳು. ಎಲ್ಲಾ ಬರ್ದಿಡೋಳಲ್ವಾ ನೀನು? ಅದ್ನೂ ಬರ್ದಿರ್ತೀಯ. ಅಲ್ಲೀವರ್ಗೂ ಈ ಕಡೆ ಬರ್ಬೇಡ."

ಬರೆದಿದ್ದೆ. "ಒಳಕೋಣೆಗೆ ಬಂದವರು: ಹನ್ನೊಂದು." ಈ ವಾರ ಎಂಟು ಜನರಿಗೆ ಹೇಳಿದ್ದೇನೆ. ಹೆಡ್‌ಮಾಸ್ಟರು, "ಹೌದ್ರಾ? ನಾವೂ ಎಲ್ಲಾರ್ಗೂ ಟೀಚರ್ದೇ ತಪ್ಪು ಅಂತ ಹೇಳ್ಕೊಂತ ಬಂದೀವಲ್ರಿ" ಎಂದು ಪೇಚಾಡಿಕೊಂಡರು. ವಯಲಿನ್‌ನವರು ಫೋನಿನಲ್ಲಿ, "ಸರಿ, ನೋಡೋಣ" ಎಂದರು. ಮೂರು ಕಛೇರಿಗಳ ಬಗ್ಗೆ ಆಮೇಲೆ ಸುದ್ದಿಯಿಲ್ಲ. ಟೀಚರ ಹತ್ತಿರ ಕಲಿಯುತ್ತಿದ್ದ ನಾಲ್ಕು ಮಕ್ಕಳ ಮನೆಯವರ ಜೊತೆಗೂ ಮಾತಾಡಿದೆ. ಇಬ್ಬರು ಮತ್ತೆ ಹೋಗುತ್ತಿದ್ದಾರೆ. ಇನ್ನಿಬ್ಬರು ಬೇರೆ ಕಡೆ ಸೇರಿಯಾಗಿದೆ.

ಉಳಿದ ಮೂವರ ಹೆಸರು ನನಗೆ ಗೊತ್ತಿಲ್ಲ. ಡೈರಿಯಲ್ಲಿ ಇರುವುದಿಷ್ಟೇ: ಬೊಮ್ಮನಹಾಳಿನಿಂದ ಬಂದಿದ್ದೇವೆ ಎಂದ ಗಂಡ ಹೆಂಡತಿ, ಹೆಂಡತಿಯ ಕೈಯಲ್ಲಿ ಹಸಿರು ಕೊಡೆ. ತಾನೂ ಒಂದು ಕಾಲದಲ್ಲಿ ಇದೇ ಟೀಚರ ಹತ್ತಿರ ಹಾಡು ಕಲಿತೆ ಎಂದ, ಬ್ಯಾಂಕಿನ ಗುರುತುಚೀಟಿ ಕೊರಳಲ್ಲಿದ್ದ ಹೆಂಗಸು. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ಅಂದು ತಪ್ಪು ನನ್ನದು, ಅವರದಲ್ಲ. ಅವರನ್ನು ಬಲ್ಲವರು ಬೇರೆ ಯಾರಾದರೂ ಇದ್ದರೆ, ಅಥವಾ ಆ ಸಂಜೆ ನಾನು ಲೆಕ್ಕಕ್ಕೆ ಹಿಡಿಯದ ಹನ್ನೆರಡನೆಯವರು ಇದ್ದರೆ, ಇದು ಅಚ್ಚಾಗಿರುವ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ನಾನೇ ಬಂದು ಹೇಳುತ್ತೇನೆ.